ಸೋದರತ್ತೆಯ ಬಾಣಂತನ

"ಹಾಸನದ ದಾರಿ ಇದೇನಾ?"

ಗಾಡಿಯಿಂದ ತಲೆ ಹೊರಗೆ ಹಾಕಿ ಕೇಳಿದೆ. ಮಲ್ಲಿಪಟ್ಟಣ ಬಿಟ್ಟು ಎಷ್ಟೋ ಹೊತ್ತಾಗಿತ್ತು, ಆದರೆ ಬಿಟ್ಟ ಕೆರೆ ಏರಿಯೇ ಮತ್ತೆ ಎದುರಿಗೆ ಬಂದು ನಿಂತಿತ್ತು. ಬದುವಿನ ಮೇಲೆ ಬೀಡಿ ಸೇದುತ್ತಾ ಕೂತಿದ್ದ ಗೌಡರು ದಾರಿ ಹೇಳಲಿಲ್ಲ. ಎದ್ದು ಬಂದು ಗಾಡಿಯೊಳಗೆ ಇಣುಕಿದರು. ಹುಲ್ಲಿನ ಮೇಲೆ ನನ್ನ ಸೋದರತ್ತೆ ನರಳುತ್ತಾ ಮಲಗಿದ್ದಳು. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು.

"ಈವಮ್ಮ ನಿಮ್ಗೇನಾಗ್ಬೇಕು?"

"ಅತ್ತೆ. ನಮ್ಮಪ್ಪನ ಅಕ್ಕ."

"ಮಕ್ಳು?"

"ಇಲ್ಲ."

"ಜಮೀನು?"

"ಸ್ವಲ್ಪ ಇದೆ."

"ಹಂಗನ್ನಿ!" ಎಂದವರೇ ಅತ್ತೆಯ ಎಡಗೈ ಹಿಡಿದು ಹೆಬ್ಬೆಟ್ಟನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದರು. "ಮಸಿ ಹತ್ತಿಲ್ಲ. ಸರಿ, ಎಡಕ್ಕೆ ಓಗಿ."

ಗಾಡಿ ಹೊರಟ ಮೇಲೆ ಅತ್ತೆ ನರಳುವುದನ್ನು ನಿಲ್ಲಿಸಿ ಹೇಳಿದಳು: "ಒಳ್ಳೇ ಮನುಷ್ಯ ಕಣೇ. ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ."

ನನಗೆ ಇಂಥವು ಆಗುತ್ತಲೇ ಇರುತ್ತವೆ. ಮದುವೆಯಾಗದೆ, ಹೊಲಿಗೆ ಕ್ಲಾಸು ನಡೆಸುತ್ತಾ ಮುಂಬಯಿ, ಕಲ್ಕತ್ತ ಸುತ್ತಿ ಬಂದವಳು. ಒಂಟಿ ಹೆಂಗಸನ್ನು ಕಂಡರೆ ಲೋಕಕ್ಕೆ ಒಂದು ಅನುಮಾನ. ಅವಳು ಮುದುಕಿಯೊಬ್ಬಳನ್ನು ಕಟ್ಟಿಕೊಂಡು ಹೊರಟರೆ ಹತ್ತು. ಅತ್ತೆ ಕಾಲೂರಿ ನಡೆಯುವ ತನಕ ಅವಳನ್ನು ನೋಡಿಕೊಳ್ಳುವವರು ಬೇಕಿತ್ತು. ಅವಳು ಏಳದಿದ್ದರೆ ಅವಳ ಬದುಕು ಮಂಚಕ್ಕೆ, ನನ್ನ ತಿರುಗಾಟ ಆ ಮಂಚದ ಕಾಲಿಗೆ.

ಒಂಟಿ ಚಪ್ಪಲಿ

ಹಾಸನದ ಆಸ್ಪತ್ರೆಯಲ್ಲಿ ಅತ್ತೆಗೆ ಮಂಚ ಸಿಕ್ಕಿತು. ಕಾಫಿ ಕುಡಿದು ಬರುತ್ತೇನೆಂದು ಹೊರಟೆ. ವಾರ್ಡಿನ ಆಯಾ ಬಾಗಿಲಿಗೆ ಕಾಲು ಅಡ್ಡ ಇಟ್ಟಳು.

"ಒಂದು ಚಪ್ಪಲಿ ಬಿಟ್ಟೋಗಿ."

"ಯಾಕಮ್ಮ?"

"ಕಾಪಿ ಕುಡ್ದು ಬತ್ತೀನಿ ಅಂತ ಓದ್ವರ್ಸ ಸುಗ್ಗೀಲಿ ಒಂಟೋದೋರು ಇನ್ನೂ ಕುಡೀತಾನೇ ಅವ್ರೆ. ಅವರಜ್ಜಿ ಅಗೋ, ಮೂಲೇಲಿ."

ಅವಳ ಸ್ಟೂಲಿನ ಕೆಳಗೆ ಸವೆದು ಹರಿದ ಒಂಟಿ ಚಪ್ಪಲಿಗಳ ಸಾಲೇ ಇತ್ತು. "ಚಪ್ಪಲಿ ಇಟ್ಟುಕೊಂಡರೂ ಬಂದಿಲ್ಲವಲ್ಲ?" ಎಂದೆ.

ನನ್ನದನ್ನು ಕೈಗೆತ್ತಿಕೊಂಡು ಅಟ್ಟೆ ಬಾಗಿಸಿ ನೋಡಿದಳು. "ನಿಮ್ದು ಒಸಾ ತೊಗಲು. ನೀವು ಬತ್ತೀರಿ. ಅಜ್ಜಿಗಲ್ದಿದ್ರೂ ಇದಕ್ಕೆ."

ಇವತ್ತೇ ಬಂದವರು

ಮೂಳೆ ಕೂಡಿದ ಮೇಲೆ ಡಾಕ್ಟರು, "ಇನ್ನು ಬೇಕಾದ್ದು ಔಷಧಿಯಲ್ಲ, ಆರೈಕೆ. ಅದಕ್ಕೆ ನಮ್ಮಲ್ಲಿ ಮಂಚವಿಲ್ಲ" ಎಂದರು. ಚನ್ನರಾಯಪಟ್ಟಣದ ಕಡೆ ಒಂದು ಛತ್ರದಲ್ಲಿ ವಯಸ್ಸಾದವರನ್ನು ಇಟ್ಟುಕೊಳ್ಳುತ್ತಾರೆಂದು ಯಾರೋ ಹೇಳಿದರು. ಅತ್ತೆಯನ್ನು ವಾರ್ಡಿನಲ್ಲೇ ಬಿಟ್ಟು ನೋಡಲು ಹೋದೆ. ಎರಡೂ ಚಪ್ಪಲಿ ಬಿಟ್ಟು ಹೋಗಬೇಕಾಯಿತು.

ಬರಿಗಾಲಲ್ಲಿ, ಕೈಯಲ್ಲಿ ಚೀಲ ಹಿಡಿದು ನಿಂತವಳನ್ನು ಕಂಡು ಜಗಲಿಯ ಮುದುಕ ಮುದುಕಿಯರೆಲ್ಲ ಗಡಿಬಿಡಿಯಿಂದ ಗಂಟುಮೂಟೆ ಮಡಿಲಿಗೆ ಎಳೆದುಕೊಂಡರು. ಯಾತ್ರಿಕರು ಮೂರು ದಿನಕ್ಕಿಂತ ಹೆಚ್ಚು ತಂಗಬಾರದೆಂಬುದು ಛತ್ರದ ಕಟ್ಟಳೆ. ನಾನು ವಿಚಾರಣೆಗೆ ಬಂದವಳೆಂದು ಅವರ ಲೆಕ್ಕ.

"ಎಷ್ಟು ದಿನದಿಂದ ಇದ್ದೀರಿ ತಾತ?" ಎಂದು ಒಬ್ಬರನ್ನು ಕೇಳಿದೆ.

"ಇವತ್ತೇ ಬಂದದ್ದು ತಾಯಿ. ಬೆಳಗೊಳದ ಬೆಟ್ಟ ಅತ್ತಿ, ದೇವರ ನೋಡ್ಕಂಡು ನಾಳೆ ಒಂಟೋಯ್ತೀನಿ."

ಅವರ ಬೆನ್ನ ಹಿಂದೆ ಕಂಬ ಹಬ್ಬಿ ಸೂರಿಗೇರಿದ ಕುಂಬಳಬಳ್ಳಿ. "ಈ ಬಳ್ಳಿ ಯಾರು ಹಾಕಿದ್ದು?"

"ನಾನೇಯ," ಎಂದರು ಹೆಮ್ಮೆಯಿಂದ. "ಓದ್ವರ್ಸ ಇನ್ನೂ ದಪ್ಪ ಬಿಟ್ಟಿತ್ತು."

ಅಲ್ಲಿ ಇನ್ನೊಂದು ಚಾಪೆಗೆ ಜಾಗವಿರಲಿಲ್ಲ.

ತೊಟ್ಟಿಲು

ಕೊನೆಗೆ ಹೊಳೆನರಸೀಪುರದ ನನ್ನ ಬಾಡಿಗೆ ಕೋಣೆಗೇ ಅತ್ತೆಯನ್ನು ತಂದೆ. ಹೊಲಿಗೆ ಕ್ಲಾಸಿನವರು ಸೂಲಗಿತ್ತಿಯೊಬ್ಬಳನ್ನು ಕಳಿಸಿಕೊಟ್ಟರು. ಅವಳು ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, "ಮುದ್ಕೀರ್ನ ನೋಡ್ಕೊಳೋದು ನಂಗೆ ಗೊತ್ತಿಲ್ಲ ಕಣ್ರವ್ವಾ. ಬಾಣ್ತಿ ನೋಡ್ಕೊಳೋದು ಗೊತ್ತು," ಎಂದಳು.

"ಹಾಗೇ ನೋಡಿಕೊಳ್ಳಿ" ಎಂದೆ.

ಹಾಗೇ ನೋಡಿಕೊಂಡಳು, ಒಂದು ಶಾಸ್ತ್ರ ಬಿಡದೆ. ಮೈಗೆ ಹರಳೆಣ್ಣೆ, ಹಂಡೆಗಟ್ಟಲೆ ಬಿಸಿನೀರು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬಿಗಿಯಾಗಿ ನಡುಕಟ್ಟು, ಮೆಣಸು ಬೆಳ್ಳುಳ್ಳಿ ಸಾರು. ಬಾಗಿಲಿಗೆ ಬೇವಿನ ಸೊಪ್ಪು. ಅತ್ತೆ ಮೊದಲ ದಿನ ಬೈದಳು. ಎರಡನೇ ಸ್ನಾನವಾದ ಮೇಲೆ ನನ್ನನ್ನು ಕರೆದು ಪಿಸುಗುಟ್ಟಿದಳು: "ಹೆತ್ತೋರಿಗೆ ಇಷ್ಟು ಸುಖ ಇದೆ ಅಂತ ಯಾರೂ ನಂಗೆ ಹೇಳ್ಲೇ ಇಲ್ವಲ್ಲೇ!"

ಆದರೆ ಬೀದಿಗೆ ಮೂಗಿತ್ತು. ಹೊಗೆ, ಬೆಳ್ಳುಳ್ಳಿ, ಬೇವು: ಈ ಮನೆಯಲ್ಲಿ ಯಾರೋ ಹೆತ್ತಿದ್ದಾರೆ. ಮುದುಕಿಯಂತೂ ಅಲ್ಲ. ಉಳಿದವಳು ನಾನು.

ಮನೆ ಒಡತಿ ಮೆಲ್ಲಗೆ ಕೇಳಿದರು: "ಟೀಚರಮ್ಮ, ಮಗು ಅಳೋದೇ ಕೇಳಲ್ವಲ್ಲ?"

"ಮಗುವೇ ಇಲ್ಲ."

"ಹಾಗೇ ಅನ್ನಿ, ದೃಷ್ಟಿ ಆಗಲ್ಲ."

ಕ್ಲಾಸಿನ ಹುಡುಗಿಯೊಬ್ಬಳು ಕುಲಾವಿ ಹೊಲಿದು ತಂದುಕೊಟ್ಟಳು. ಹೊಲಿಗೆ ನೇರವಾಗಿತ್ತು, ನಾನೇ ಕಲಿಸಿದ್ದು.

ಒಂದು ಬೆಳಿಗ್ಗೆ ಅತ್ತೆ ಗೋಡೆ ಹಿಡಿದು ಹಿತ್ತಲಿಗೆ ಹೋಗಿ, ಗೋಡೆ ಬಿಟ್ಟು ವಾಪಸು ಬಂದಳು. ನಾನು ಕಣ್ಣೊರೆಸಿಕೊಂಡು ಸೂಲಗಿತ್ತಿಯ ಋಣ ತೀರಿಸಲು ಹೋದರೆ ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಬಾಣ್ತಿ ಎದ್ಮ್ಯಾಲೆ ತೊಟ್ಲು, ತೊಟ್ಲಾದ್ಮ್ಯಾಲೆ ಸೀರೆ. ತೊಟ್ಲು ತೂಗ್ದೆ ನಾನು ಏನೂ ಇಸ್ಕಂಡೋಳಲ್ಲ."

"ತೊಟ್ಟಿಲಿಗೆ ಏನು ಹಾಕೋದು?"

"ಗುಂಡುಕಲ್ಲು. ಎಲ್ರ ಮನೇಲೂ ಮೊದ್ಲು ತೂಗೋದು ಅದ್ನೇ ಅಲ್ವೇ?"

ತೊಟ್ಟಿಲು ಕಟ್ಟಿದ್ದೇ ತಡ, ಬೀದಿಗೆ ಬೀದಿಯೇ ನನ್ನ ಮಗುವನ್ನು ನೋಡಲು ಬಂತು. ಬಗ್ಗಿ ನೋಡಿದರೆ ಕುಲಾವಿ ಹಾಕಿಕೊಂಡ ಗುಂಡುಕಲ್ಲು. ಸ್ವಂತ ಕಾಲ ಮೇಲೆ ನಿಂತು ಹಗ್ಗ ಎಳೆದು ತೂಗುತ್ತಿರುವ ಅತ್ತೆ. ಹೆಂಗಸರು ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು. ಮನೆ ಒಡತಿ ನನ್ನ ಕಿವಿಗೆ ಬಾಯಿಟ್ಟರು: "ಜಾಣೆ ಕಣ್ರೀ ನೀವು. ನಿಜವಾದ್ದು ಎಲ್ಲಿಟ್ಟಿದ್ದೀರಿ?"

ಸೂಲಗಿತ್ತಿಯ ಮಡಿಲಿಗೆ ಸೀರೆ ಹಾಕಿದೆ. ಅವಳು ಸೆರಗು ಬಿಡಿಸಿ, ಬೆಳಕಿಗೆ ಹಿಡಿದು, ತೂತಿಲ್ಲವೆಂದು ಖಾತ್ರಿ ಮಾಡಿಕೊಂಡು ಕಂಕುಳಿಗೆ ಸಿಕ್ಕಿಸಿದಳು. ಬಾಗಿಲು ದಾಟುವ ಮುಂಚೆ ಅತ್ತೆಯ ಕಡೆ ತಿರುಗಿದಳು.

"ಮುಂದಿನ್ದಕ್ಕೂ ನಂಗೇ ಏಳ್ಕಳ್ಸವ್ವಾ."

ನಾನು ನಗುವ ಮೊದಲೇ ಅತ್ತೆ, "ಇನ್ಯಾರನ್ನ ಕರೆಯೋದಮ್ಮ? ಬೆಳ್ಳುಳ್ಳಿ ಮಾತ್ರ ಇನ್ನೂ ವಸಿ ಜಾಸ್ತಿ ಹಾಕು," ಎಂದಳು.