ಕಪ್ಪುಕುಳಿಗೆ ಖಾಲಿ ಹೊಟ್ಟೆಯಲ್ಲಿ ಬಂದವರು

ಪರೀಕ್ಷೆ ಇಲ್ಲದ ಪಾಠ ಮಾಡಲು ಹೋದವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ಕಾಲೇಜು ಹುಡುಗರನ್ನಾದರೆ ಇಂಟರ್ನಲ್ ಮಾರ್ಕ್ಸ್ ತೋರಿಸಿ ಹೆದರಿಸಬಹುದು. ಪೆನ್ಷನ್ ತಗೊಳ್ಳುವವರನ್ನು ಏನು ತೋರಿಸಿ ಹೆದರಿಸುವುದು? ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುವವಳು. ಭಾನುವಾರ ಬೆಳಿಗ್ಗೆ ಊರಿನ ಯಾರು ಬೇಕಾದರೂ ಬಂದು ಕೂತು ಕೇಳುವ ಉಪನ್ಯಾಸಗಳ ಜವಾಬ್ದಾರಿ ನನ್ನ ತಲೆಗೆ ಬಂತು. ಅದನ್ನು ಹಂಚಿದ ಮೀಟಿಂಗಿಗೆ ಉಳಿದವರೆಲ್ಲ ರಜ ಹಾಕಿದ್ದರು.

ಖಾಲಿ ಹೊಟ್ಟೆ

ಮೊದಲ ಉಪನ್ಯಾಸ ನಮ್ಮೂರಿನ ದುರ್ಗಿಗುಡಿ ಬಡಾವಣೆಯ ಒಂದು ಶಾಲೆಯಲ್ಲಿ. ವಿಷಯ ಕಪ್ಪುಕುಳಿ, ಅಂದರೆ ಬ್ಲ್ಯಾಕ್ ಹೋಲ್. ಹತ್ತು ಜನ ಬಂದರೆ ಹೆಚ್ಚು ಅಂದುಕೊಂಡಿದ್ದೆ. ನೋಡಿದರೆ ಬೆಂಚೆಲ್ಲ ಭರ್ತಿ. ಮುಂದಿನ ಸಾಲಿನಲ್ಲಿ ಒಬ್ಬ ಯಜಮಾನರು ಅಂಗಿಯ ಎಡತೋಳು ಮಡಚಿಕೊಂಡು, ಪಕ್ಕದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು, ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. "ಇದರೊಳಗೆ ಸಿಕ್ಕಿಕೊಂಡರೆ ಬೆಳಕೂ ತಪ್ಪಿಸಿಕೊಳ್ಳಲಾರದು" ಎಂದು ನಾನು ಹೇಳಿದಾಗ ಮಾತ್ರ ಒಮ್ಮೆ ಬಾಗಿಲ ಕಡೆ ನೋಡಿದರು.

ಮುಗಿದ ಮೇಲೆ ಹತ್ತಿರ ಬಂದು ಕೈ ಚಾಚಿದರು. ಮೆಚ್ಚುಗೆ ಇರಬೇಕೆಂದು ನಾನೂ ಕೈ ಮುಂದೆ ಮಾಡಿದೆ.

"ಅದಕ್ಕಲ್ಲ ಮೇಡಂ. ನಿನ್ನೆಯಿಂದ ಏನೂ ತಿಂದಿಲ್ಲ. ಈಗ್ಲಾದ್ರೂ ರಕ್ತ ತಗೊಳ್ಳಿ" ಅಂದರು.

ಪಕ್ಕದ ಕೋಣೆಯಲ್ಲಿ ಉಚಿತ ಶುಗರ್ ತಪಾಸಣೆ ನಡೆಯುತ್ತಿತ್ತು. ಅರ್ಧ ಜನ ಬಾಗಿಲು ತಪ್ಪಿ ಬಂದವರು.

ನಾನು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಅಂದರು: "ಇನ್ನೆಲ್ಲಿ ಉಳಿದಿದೆ ರೀ ರಕ್ತ? ಈ ಮೇಡಂ ಒಂದು ಗಂಟೆಯಿಂದ ಹೀರ್ತಾನೇ ಇದ್ರಲ್ಲ!"

ಶನಿ

ವಿದ್ಯಾನಗರದಲ್ಲಿ ಗ್ರಹಗಳ ಪಾಠ. "ಶನಿ ನಮ್ಮಿಂದ ಕೋಟಿಗಟ್ಟಲೆ ಕಿಲೋಮೀಟರ್ ದೂರದಲ್ಲಿದೆ, ಹೆದರಬೇಕಾದ್ದಿಲ್ಲ" ಎಂದೆ. ಒಬ್ಬ ಅಮ್ಮ ಪಕ್ಕದವರ ಕಡೆ ತಿರುಗಿ, ಇಡೀ ಹಾಲಿಗೆ ಕೇಳುವಂತೆ ಪಿಸುಗುಟ್ಟಿದರು: "ಅಷ್ಟು ದೂರ ಇದ್ದೇ ಇಷ್ಟು ಕಾಟ ಕೊಡ್ತಾನೆ. ಹತ್ರ ಬಂದ್ರೆ ಏನ್ ಗತಿ ಮಾರಾಯ್ತಿ?"

ಸ್ಪೀಡು

ಗೋಪಾಳದಲ್ಲಿ ಕಾಲದ ಬಗ್ಗೆ ಮಾತು. ಬೆಳಕಿನ ವೇಗದ ಹತ್ತಿರ ಹತ್ತಿರ ಓಡುವ ವಾಹನದಲ್ಲಿ ಹೋಗಿಬಂದವರಿಗೆ ನಮಗಿಂತ ಕಡಿಮೆ ವಯಸ್ಸಾಗಿರುತ್ತದೆ ಎಂದು ವಿವರಿಸಿದೆ.

ಭದ್ರಾವತಿ ರೂಟಿನಲ್ಲಿ ಪ್ರೈವೇಟ್ ಬಸ್ ಓಡಿಸಿ ಈಗ ಮನೆಯಲ್ಲಿರುವ ಡ್ರೈವರೊಬ್ಬರು ಎದ್ದರು. "ಜೀವಮಾನವೆಲ್ಲ ನಾನೂ ಸ್ಪೀಡಾಗೇ ಓಡಿಸಿದೀನಿ ಮೇಡಂ. ಮತ್ತೆ ನನ್ನ ತಲೆ ಯಾಕೆ ಹಿಂಗೆ ಬೋಳಾಯ್ತು?"

"ಆ ಸ್ಪೀಡು ಸಾಲದು" ಅಂದೆ.

ಅವರಿಗೆ ಅವಮಾನವಾಯಿತು. "ಸಾಲದಾ? ಯಾರನ್ನ ಬೇಕಾದ್ರೂ ಕೇಳಿ!"

ಕೇಳಬೇಕಾಗಲಿಲ್ಲ. ಮೂಲೆಯಿಂದ ಒಬ್ಬ ನಿವೃತ್ತ ಮೇಷ್ಟ್ರು ತಾವೇ ಎದ್ದರು. "ದಿನಾ ಇವನ ಬಸ್ಸಲ್ಲೇ ಶಾಲೆಗೆ ಹೋಗ್ತಿದ್ದೆ ಮೇಡಂ. ಇವನ ವಯಸ್ಸಿನ ಕತೆ ನಂಗೊತ್ತಿಲ್ಲ. ಒಳಗೆ ಕೂತ ನಮಗೆ ಮಾತ್ರ ಟ್ರಿಪ್ಪಿಗೊಂದು ವರ್ಷ ಜಾಸ್ತಿ ಆಗ್ತಿತ್ತು."

ಪ್ರೊಫೆಸರ್

ಅಷ್ಟರಲ್ಲಿ ವಿಶ್ವವಿದ್ಯಾಲಯಕ್ಕೆ ಹೊಸ ರಿಜಿಸ್ಟ್ರಾರ್ ಬಂದರು. ನನ್ನ ಮುಖ ಕೂಡ ನೋಡದೆ ಫೋನಿನಲ್ಲೇ ಹೇಳಿದರು: "ಯಾರನ್ನ ಕರೆಸಿ ಮಾತಾಡಿಸ್ತೀರೋ, ಭಾನುವಾರ ನಾನೇ ಬಂದು ಕೂರ್ತೀನಿ. ಚೆನ್ನಾಗಿಲ್ಲದಿದ್ರೆ ಇದನ್ನ ನಿಲ್ಲಿಸ್ತೀನಿ." ಬೈದುಕೊಂಡೇ ಶುರು ಮಾಡಿದ ಕೆಲಸ, ನಿಲ್ಲುತ್ತದೆ ಅಂದಾಗ ಮಾತ್ರ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಆ ಭಾನುವಾರ ಭದ್ರಾವತಿಯಲ್ಲಿ, ಕಾರ್ಖಾನೆ ಕ್ವಾರ್ಟರ್ಸ್ ಪಕ್ಕದ ಹಾಲಿನಲ್ಲಿ, ನಕ್ಷತ್ರದೊಳಗೆ ಕಬ್ಬಿಣ ಹುಟ್ಟುವ ಬಗೆ ಹೇಳಬೇಕಿತ್ತು. ಅರವತ್ತು ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ಎರಡನೆಯದಕ್ಕೇ ಕರೆಂಟು ಹೋಯಿತು. ಸ್ಲೈಡ್ ಇಲ್ಲದೆ ಪಾಠ ಮಾಡಿ ನನಗೆ ಗೊತ್ತಿಲ್ಲ. "ನಕ್ಷತ್ರದ ಒಳಗೆ ಬಿಸಿ... ಅಂದರೆ ಬಹಳ ಬಿಸಿ..." ಎಂದು ತೊದಲಿದೆ.

"ಬಿಸಿ ಅಂದ್ರೆ ಎಂಥ ಬಿಸಿ ಮ್ಮಾ?" ಎಂದರು ಮುಂದೆ ಕೂತಿದ್ದ ಹಿರಿಯರು. ತಮಿಳು ಮನೆಮಾತಿನವರು, ಮೂವತ್ತೈದು ವರ್ಷ ಕಬ್ಬಿಣ ಕರಗಿಸುವ ಫರ್ನೇಸಿನ ಮುಂದೆ ನಿಂತು ಕೆಲಸ ಮಾಡಿದವರು.

"ನೀವೇ ಬಂದು ಹೇಳಿ ಸಾರ್" ಎಂದು ಜಾಗ ಬಿಟ್ಟೆ.

ಅವರು ಪಂಚೆ ಸರಿಮಾಡಿಕೊಂಡು ಮೇಲೆ ಬಂದರು. "ಕಬ್ಬಿಣ ಕಾದ್ರೆ ಮೊದ್ಲು ಕೆಂಪು, ಆಮೇಲೆ ಹಳದಿ, ಆಮೇಲೆ ಬೆಳ್ಳಗೆ. ಬೆಳ್ಳಗಾದ್ರೆ ಕಣ್ಣಿಟ್ಟು ನೋಡಕ್ಕಾಗಲ್ಲ. ನಕ್ಷತ್ರನೂ ಹಂಗೇನಾ ಮ್ಮಾ?"

"ಹಂಗೇ" ಅಂದೆ. ನಿಜವಾಗಿಯೂ ಹಂಗೇ.

"ನನ್ನ ಮದುವೆ ದಿನ ಹುಬ್ಬೇ ಇರ್ಲಿಲ್ಲ. ಶಾಖಕ್ಕೆ ಸುಟ್ಟೋಗಿತ್ತು. ನಮ್ಮತ್ತಿಗೆ ಇದ್ದಿಲಲ್ಲಿ ಬರೆದು ಕಳಿಸಿದ್ರು."

ಹಾಲಿನಲ್ಲಿ ಶಿಳ್ಳೆ, ಚಪ್ಪಾಳೆ. ಅವರು ಫರ್ನೇಸಿನ ಬಗ್ಗೆ ಹೇಳಿದಂತೆಲ್ಲ ನಾನು ನಡುವೆ ಒಂದೊಂದು ಮಾತು ಸೇರಿಸಿ ನಕ್ಷತ್ರಕ್ಕೆ ತಂದು ಮುಟ್ಟಿಸಿದೆ. ತಡವಾಗಿ, ಹಿರಿಯರ ಮಾತು ಶುರುವಾದ ಮೇಲೆ ಬಂದ ರಿಜಿಸ್ಟ್ರಾರ್ ಹಿಂದೆ ಕೂತು ನಗುತ್ತಿದ್ದರು. ಮುಗಿದೊಡನೆ ನೇರ ಹಿರಿಯರ ಬಳಿ ಬಂದು ಕೈಮುಗಿದರು.

"ಇಷ್ಟು ಸುಲಭವಾಗಿ ಯಾರೂ ಹೇಳಿರ್ಲಿಲ್ಲ ಪ್ರೊಫೆಸರ್. ನಿಮ್ಮ ಪಿಎಚ್‌ಡಿ ಎಲ್ಲಾಯ್ತು?"

ಗದ್ದಲದಲ್ಲಿ ಹಿರಿಯರಿಗೆ "ಎಲ್ಲಾಯ್ತು" ಅನ್ನುವುದಷ್ಟೇ ಕೇಳಿಸಿತು. "ಮೂರನೇ ನಂಬರ್ ಫರ್ನೇಸಲ್ಲಿ ಸಾರ್."

ರಿಜಿಸ್ಟ್ರಾರ್ ಗೌರವದಿಂದ ತಲೆಯಾಡಿಸಿ ಕಾರು ಹತ್ತಿದರು.

ಸೋಮವಾರ ಆದೇಶ ಬಂತು: "ಉಪನ್ಯಾಸಮಾಲೆಯನ್ನು ಮುಂದುವರಿಸತಕ್ಕದ್ದು. ಭದ್ರಾವತಿಯ ಪ್ರಾಧ್ಯಾಪಕರನ್ನು ಮತ್ತೆ ಆಹ್ವಾನಿಸತಕ್ಕದ್ದು. ಅವರ ಮಾತಿನ ನಡುವೆ ಪದೇ ಪದೇ ಬಾಯಿ ಹಾಕುತ್ತಿದ್ದ ಮಹಿಳೆಯನ್ನು ಮಾತ್ರ ಒಳಗೆ ಬಿಡತಕ್ಕದ್ದಲ್ಲ."