ಮಾವ ಕೊಟ್ಟ ಎರಡನೇ ಜಾಹೀರಾತು

ನನ್ನ ಸೋದರಮಾವನಷ್ಟು ಕೆಟ್ಟ ವ್ಯಾಪಾರಿ ಚನ್ನಗಿರಿಯಲ್ಲಿ ಇನ್ನೊಬ್ಬರಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಅವರದು ಬಾಡಿಗೆ ಸೈಕಲ್ ಅಂಗಡಿ. ಗಿರಾಕಿ ಹ್ಯಾಂಡಲ್ ಮುಟ್ಟುವ ಮೊದಲೇ ಸೈಕಲ್ಲಿನ ದೋಷಗಳನ್ನೆಲ್ಲ ಒಪ್ಪಿಸಿಬಿಡುತ್ತಿದ್ದರು. “ಇದರ ಬ್ರೇಕು ನಂಬಬ್ಯಾಡ್ರಿ. ಸೂಳೆಕೆರೆ ಏರಿ ಮ್ಯಾಲೆ ಹಿಡೀತೈತೆ, ಇಳಿಜಾರಿನಾಗೆ ಹಿಡಿಯಾಕಿಲ್ಲ.” ನಡೆದುಹೋಗುವುದೇ ವಾಸಿಯೆಂದು ಗಿರಾಕಿ ಹೊರಡುತ್ತಿದ್ದ.

ಹೆಣ್ಣು ನೋಡಲು ಹೋದಲ್ಲೂ ಹೀಗೇ ತಮ್ಮ ದೋಷಗಳನ್ನು ತಾವೇ ಹೇಳಿ, ಉಪ್ಪಿಟ್ಟು ತಿಂದು ಬರುತ್ತಿದ್ದರು. ನಲವತ್ತು ದಾಟಿದರೂ ಮದುವೆಯಾಗಲಿಲ್ಲವೆಂದರೆ ಆಶ್ಚರ್ಯವೇನು? ಕೊನೆಗೆ ದಿನಪತ್ರಿಕೆಯೊಂದಕ್ಕೆ ವಧು ಬೇಕೆಂದು ಜಾಹೀರಾತು ಕೊಟ್ಟರು. ಅಂಕೋಲಾ ಕಡೆಯಿಂದ ಉತ್ತರ ಬಂತು, ಮದುವೆಯೂ ಆಯಿತು.

ಎಪ್ಪತ್ತರ ದಶಕದಲ್ಲಿ ಅದೇನು ಸಣ್ಣ ಸಂಗತಿಯೇ? ಊರಿನ ವಾರಪತ್ರಿಕೆ ‘ಅಂಚೆಯಲ್ಲಿ ಬಂದ ಹೆಂಡತಿ’ ಎಂದು ಬರೆದೇಬಿಟ್ಟಿತು. ಅತ್ತೆಯ ಬಣ್ಣ ಕಪ್ಪು, ವಯಸ್ಸು ಮೀರಿದೆ, ಹಿಂದೊಂದು ಸಂಬಂಧ ಮುರಿದಿದೆ, ಅಂಗಡಿಯ ಮೇಲೆ ಕಣ್ಣಿರಲೂಬಹುದು ಎಂದೆಲ್ಲ ಅದರಲ್ಲಿತ್ತು. ಮಾವನ ಬಗ್ಗೆ ಮಾತ್ರ ಒಂದೇ ಸಾಲು: ‘ಊರಿನ ಗೌರವಾನ್ವಿತ ವ್ಯಾಪಾರಿ’.

ಅತ್ತೆ ಬೀದಿಗೆ ಕಾಲಿಡುವುದನ್ನೇ ನಿಲ್ಲಿಸಿದರು. ತವರಿನಿಂದ ತಂದ ಟ್ರಂಕನ್ನು ಬಾಗಿಲ ಬಳಿ ಎಳೆದಿಟ್ಟುಕೊಂಡರು. ಮಾವ ಅದನ್ನು ನೋಡಿದವರೇ ನನ್ನನ್ನೂ ಕರೆದುಕೊಂಡು ಪತ್ರಿಕೆಯ ಕಚೇರಿಗೆ ಹೊರಟರು. ಅವರ ಮನೆಯಲ್ಲೇ ಇದ್ದ ನಾನೋ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅಳುಕಿ ಒಮ್ಮೆ ಹೊನ್ನಾಳಿ ಬಸ್ಸಿನಿಂದ ಅರ್ಧದಾರಿಯಲ್ಲಿ ಇಳಿದು ಬಂದವನು. ಹೊಡೆದಾಟವಾದರೆ ಕನ್ನಡಕ ಎಲ್ಲಿಡುವುದೆಂದು ಯೋಚಿಸುತ್ತ ಹಿಂದೆ ನಡೆದೆ.

“ನನ್ನ ಬಕ್ಕತಲೆ ಯಾಕೆ ಹಾಕ್ಲಿಲ್ರಿ?” ಎಂದರು ಮಾವ.

ಸಂಪಾದಕರು ಪೆನ್ನು ಕೆಳಗಿಟ್ಟರು. “ಏನಂದ್ರಿ?”

“ಆಕೆದೆಲ್ಲ ಬರ್ದೀರಲ್ಲ. ನನ್ನನ್ನೂ ಎರಡು ಕಡೆ ಬ್ಯಾಡ ಅಂದಾರೆ. ಗೊರಕೆ ಬ್ಯಾರೆ ಹೊಡೀತೀನಿ. ಅದನ್ನೂ ಹಾಕ್ರಿ.”

“ಗಂಡಸರದು ಅದೆಲ್ಲ ಸುದ್ದಿ ಆಗಾಕಿಲ್ಲ ಬಿಡ್ರಿ ಯಜಮಾನ್ರೆ.”

“ಹಂಗಾದ್ರೆ ಜಾಹೀರಾತು ಅಂತ ಹಾಕ್ರಿ.”

ಮುಂದಿನ ವಾರ ಅಚ್ಚಾಗಿ ಬಂತು: ‘ಜಾಹೀರಾತು ಕೊಟ್ಟು ಮದುವೆಯಾದ ಗಂಡ. ಬಕ್ಕತಲೆ, ಗೊರಕೆ. ಎರಡು ಕಡೆ ಒಲ್ಲೆ ಎನಿಸಿಕೊಂಡವನು. ಇಂಥವನನ್ನೂ ಒಪ್ಪಿದವಳನ್ನು ಗೌರವದಿಂದ ಕಾಣಬೇಕಾಗಿ ವಿನಂತಿ.’ ಊರು ಹೊಟ್ಟೆ ಹಿಡಿದು ನಕ್ಕಿತು. ಇನ್ನು ಅಂಗಡಿಯ ಕತೆ ಮುಗಿಯಿತೆಂದು ನನಗೆ ಊಟ ಸೇರಲಿಲ್ಲ.

ಅತ್ತೆ ಟ್ರಂಕಿನ ಮೇಲೆ ಕೂತು ಅದನ್ನು ಓದಿದರು. ನಗಲಿಲ್ಲ.

“ಎಲ್ಲಾ ಸರಿ ಐತಲ್ಲ?” ಎಂದು ಮಾವ ಮೆಲ್ಲಗೆ ಕೇಳಿದರು.

“ಇಲ್ಲ. ಪತ್ರಿಕೆಯವರೂ ನನ್ನ ಕೇಳಲಿಲ್ಲ, ನೀವೂ ಕೇಳಲಿಲ್ಲ. ಆವತ್ತು ಪೇಪರಿನ ತುಂಬ ಬೆಳ್ಳಗಿರುವ ಹುಡುಗಿ ಬೇಕು ಅಂತಲೇ ಇತ್ತು. ಸಂಜೆ ಹೊತ್ತು ಮಾತಾಡಲು ಒಬ್ಬರು ಬೇಕು ಅಂತ ಹಾಕಿದವರು ನೀವೊಬ್ಬರೇ. ಇಡೀ ಪುಟ ಓದಿ ನಾನೇ ಆರಿಸಿದೆ ನಿಮ್ಮನ್ನ. ಅದು ಎಲ್ಲಿ ಬರೆದಿದೆ ಇದರಲ್ಲಿ?”

ಮಾವ ಪತ್ರಿಕೆ ಇಸಿದುಕೊಂಡು ತಮ್ಮ ಜಾಹೀರಾತನ್ನು ತಾವೇ ಮತ್ತೊಮ್ಮೆ ಓದತೊಡಗಿದರು.

“ನಲ್ಲಿ ಬಂದಿರಬೇಕು,” ಎಂದು ಅತ್ತೆ ಎದ್ದು ಕೊಡ ಎತ್ತಿಕೊಂಡು ಬೀದಿಗಿಳಿದರು. ಮಾವ ಕೈಗೆ ಸಿಕ್ಕ ತಪ್ಪಲೆ ಹಿಡಿದು ಹಿಂದೆಯೇ ಓಡಿದರು. ಕಟ್ಟೆಯ ಮೇಲೆ ಕೂತಿದ್ದವರೆಲ್ಲ ನೋಡುತ್ತಿರುವಂತೆಯೇ ಇಬ್ಬರೂ ಏನೋ ಮಾತಾಡುತ್ತ ಹೋಗುತ್ತಿದ್ದರು. ನೋಡುತ್ತ ನಾನೂ ಅವರ ಹಿಂದೆ ಹೊರಟುಬಿಟ್ಟೆ. ಬಾಗಿಲಿಗೆ ಬೀಗ ಹಾಕುವ ನೆನಪೇ ಆಗಲಿಲ್ಲ.