ನಗಾರಿ ಮಶೀನಿನ ರೆಗ್ಯುಲೇಟರ್

ತನ್ನ ಲಯ ತಪ್ಪುವುದಿಲ್ಲ ಎಂಬ ಹೆಮ್ಮೆ ಮನುಷ್ಯನಿಗೆ ಇರಬಾರದು. ನನಗಿತ್ತು. ಸುರಪುರದ ನಮ್ಮ ಓಣಿಯ ವೀರಭದ್ರನ ಗುಡಿಯಲ್ಲಿ, ಶಾಲೆಯ ಮಾಸ್ತರಿಕೆಯ ಜೊತೆಜೊತೆಗೇ, ಮೂವತ್ತು ವರ್ಷ ಆರತಿಗೆ ನಗಾರಿ ಬಾರಿಸಿದವನು ನಾನು. ಧೂಪಕ್ಕೆ ಮೆಲ್ಲಗೆ, ದೀಪ ಎತ್ತಿದಾಗ ತುಸು ಗಟ್ಟಿಯಾಗಿ, ಕರ್ಪೂರ ಹೊತ್ತಿದರೆ ಜೋರಾಗಿ: ಇಷ್ಟೇ ನನ್ನ ಸಂಗೀತಶಾಸ್ತ್ರ. ಹೆಂಡತಿ ಮಾತ್ರ, "ಕರ್ಪೂರ ಕಂಡ್ರ ಸಾಕು, ಬಸ್ ಹಿಡಿಯೋರಂಗ ಓಡ್ತೀರಿ" ಎನ್ನುತ್ತಿದ್ದಳು. ಇವಳಿಗೇನು ತಿಳಿಯುತ್ತದೆ ಎಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಹೋದ ವರ್ಷ ಭಕ್ತರೊಬ್ಬರು ಗುಡಿಗೆ ಕರೆಂಟಿನ ನಗಾರಿ ಕೊಡಿಸಿದರು. ಗುಂಡಿ ಒತ್ತಿದರೆ ಮೋಟಾರು ತಿರುಗಿ, ಎರಡು ಕೋಲು ನಗಾರಿಯನ್ನೂ ಒಂದು ಸುತ್ತಿಗೆ ಗಂಟೆಯನ್ನೂ ಬಡಿಯುತ್ತವೆ. ನನ್ನ ಮುಖ ನೋಡಿ ಪೂಜೆಯ ಅಯ್ಯನವರಿಗೆ ಕನಿಕರ ಬಂದಿರಬೇಕು. "ಮಾಸ್ತರ್ರ, ರೆಗ್ಯುಲೇಟರ್ ನೀವಽ ನೋಡ್ಕೋರಿ" ಎಂದರು. ಫ್ಯಾನಿಗೆ ಇರುತ್ತದಲ್ಲ, ಅಂಥದೇ. ಅಂದಿನಿಂದ ನನ್ನ ಕಲೆಯೆಲ್ಲ ಎರಡು ಬೆರಳಿಗೆ ಇಳಿಯಿತು. ಧೂಪಕ್ಕೆಂದು ಒಂದಕ್ಕಿಟ್ಟರೆ ಮೋಟಾರು ಗುರ್ರೆಂದು ನಿಂತೇಬಿಡುತ್ತದೆ. ಎರಡಕ್ಕಿಟ್ಟರೆ ಓಡುತ್ತದೆ. ಸಂಜೆ ಊರೆಲ್ಲ ಲೈಟು ಹಾಕಿದಾಗ ವೋಲ್ಟೇಜು ಬಿದ್ದು, ಸರಿಯಾಗಿ ಕರ್ಪೂರದ ಹೊತ್ತಿಗೆ ನಗಾರಿ ನರಳತೊಡಗುತ್ತದೆ. ಇನ್ನು ಭಾವದ ಮಾತಂತೂ ಕೇಳಲೇಬೇಡಿ. ವೇಗ ಇಳಿಸಬಹುದು, ಪೆಟ್ಟು ಇಳಿಸುವಂತಿಲ್ಲ. ಭಕ್ತಿಯನ್ನು ಯಾವ ನಂಬರಿಗೆ ಇಡಬೇಕೆಂದು ತಿಳಿಯದೆ ನಾನು ಸೋತುಹೋದೆ. ಊಟ ಸೇರುತ್ತಿರಲಿಲ್ಲ.

ಮೊನ್ನೆ ಸೋಮವಾರ ಬೆಳಗಿನ ಆರತಿಯ ಹೊತ್ತಿಗೇ ಕರೆಂಟು ಹೋಯಿತು. "ಹೊಡೀರಿ ಮಾಸ್ತರ್ರ!" ಎಂದರು ಅಯ್ಯನವರು. ಮೂಲೆಯಲ್ಲಿದ್ದ ಹಳೆಯ ನಗಾರಿಯ ದೂಳು ಕೊಡವಿ, ಕಣ್ಣು ಮುಚ್ಚಿ ಬಾರಿಸಿದೆ. ಕರ್ಪೂರ ಆರುವಾಗ ನನ್ನ ಕಣ್ಣಲ್ಲಿ ನೀರಿತ್ತು.

ಹೊರಗೆ ಕಟ್ಟೆಯ ಮೇಲೆ ಹೂ ಮಾರುವ ಶರಣಮ್ಮ ಕುಳಿತಿದ್ದಳು. ಕರೆಂಟು ಹೋದದ್ದು ಅವಳಿಗೆ ಗೊತ್ತಿರಲಿಲ್ಲ. "ಹೆಂಗಿತ್ತವ್ವ ಇವತ್ತಿನ ನಗಾರಿ?" ಎಂದು ಆಸೆಯಿಂದ ಕೇಳಿದೆ.

"ಮಶೀನ್ ಕೆಟ್ಟದ ನೋಡ್ರಿ. ಮೊದಲ ತಡವರಿಸ್ತು, ಆಮ್ಯಾಗ ಹುಚ್ಚು ಹಿಡದಂಗ ಓಡ್ತು. ಬೆಲ್ಟ್ ಸಡಲ ಆಗಿರಬೇಕು, ರಿಪೇರಿಯವನ್ನ ಕರಸ್ರಿ."

ಕರೆಸುತ್ತೇನೆ ಎಂದು ಹೇಳಿ ಮನೆಗೆ ಬಂದೆ. ಹೆಂಡತಿಗೆ ನಡೆದದ್ದನ್ನು ತಿಳಿಸಲಿಲ್ಲ; ಭುಜ ಹಿಡಿದುಕೊಂಡಿದೆ, ಎಣ್ಣೆ ಹಚ್ಚು ಎಂದೆ, ಅಷ್ಟೇ. ಹಚ್ಚುತ್ತ ಹಚ್ಚುತ್ತ ಅವಳೇ, "ಇವತ್ತ ನೀವು ಬಾರಿಸಿದ್ರಲ್ಲ? ಮನಿತನಕ ಗೊತ್ತಾತು" ಎಂದಳು. ನನ್ನ ಜೀವ ಒಮ್ಮೆ ಅರಳಿತು.

"ಹೆಂಗ ಗೊತ್ತಾತು?"

"ಓಡಾಕತ್ತಿತ್ತಲ್ರಿ."

ಮೂವತ್ತು ವರ್ಷಗಳ ನನ್ನ ಕೈಯನ್ನು ಗುರುತಿಸಿದವಳು ಇಡೀ ಊರಿನಲ್ಲಿ ಇವಳೊಬ್ಬಳೇ, ಅದೂ ನನ್ನ ತಪ್ಪಿನಿಂದ.